ಬಾಲ ಮುಚ್ಚಿಟ್ಟ ಕಡತಗಳು

ನಿಮ್ಮ ಗಣಕದಲ್ಲಿ ಯಾವುದಾದರೊಂದು ಫೋಲ್ಡರನ್ನು ತೆರೆಯಿರಿ. ಪುಟ್ಟ ಪುಟ್ಟ ಚಿತ್ರಗಳು, ಅವುಗಳ ಕೆಳಗೆ ಹೆಸರುಗಳು ಕಾಣಿಸುತ್ತವೆ. ಫೋಲ್ಡರಿನೊಳಗೆ ಇರುವುದು ಇಷ್ಟೇ, ಇರುವುದು ಹೀಗೆಯೇ ಎಂದು ನಾವು ನಂಬುತ್ತೇವೆ. ಡಿಸ್ಕಿನ ಮೇಲೆ ಮಾತ್ರ ಅಂಥ ಚಿತ್ರಗಳು ಜೋಡಿಸಿಟ್ಟಂತೆ ಇಲ್ಲ. ಅಲ್ಲಿರುವುದು ಒಂದು ಪಟ್ಟಿ. ಕಡತದ ಹೆಸರು, ಗಾತ್ರ, ದಿನಾಂಕ, ಡಿಸ್ಕಿನಲ್ಲಿ ಅದು ಎಲ್ಲಿದೆ ಎಂಬ ವಿವರ, ಜೊತೆಗೆ 'ಇದನ್ನು ತೋರಿಸಬೇಡ', 'ಇದನ್ನು ತಿದ್ದಗೊಡಬೇಡ' ಎಂಬಂಥ ಕೆಲವು ಗುರುತುಗಳು. ಆ ಪಟ್ಟಿಯನ್ನು ಓದಿ, ಕೆಲವನ್ನು ಆರಿಸಿ, ಕೆಲವನ್ನು ಬಿಟ್ಟು, ಚಿತ್ರವಾಗಿಸಿ ನಮ್ಮ ಮುಂದಿಡುವುದು ಒಂದು ತಂತ್ರಾಂಶ. ವಿಂಡೋಸ್‌ನಲ್ಲಿ ಅದರ ಹೆಸರು ಎಕ್ಸ್‌ಪ್ಲೋರರ್. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಅದನ್ನು ಫೈಲ್ ಎಕ್ಸ್‌ಪ್ಲೋರರ್ ಎನ್ನುತ್ತಾರೆ.

ಈ ತಂತ್ರಾಂಶ ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ನಾವು ಬೇಕಾದಂತೆ ಬದಲಿಸಿಕೊಳ್ಳಬಹುದು. ಐಕಾನ್ ದೊಡ್ಡದು ಮಾಡುವುದು, ಫೋಲ್ಡರಿಗೆ ಬೇರೆ ಚಿತ್ರ ಅಂಟಿಸುವುದು, ಛಾಯಾಚಿತ್ರಗಳ ಕಿರುನೋಟ ತರಿಸುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವ ಅಲಂಕಾರಗಳು. ಗಣಕದ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯುವುದೂ ಇವನ್ನೇ. ಆದರೆ ಅದೇ ಪಟ್ಟಿಯಲ್ಲಿ ಅಲಂಕಾರಕ್ಕೆ ಸಂಬಂಧಿಸದ ಎರಡು ಮೂರು ಆಯ್ಕೆಗಳಿವೆ. ಅವು ನಮ್ಮ ತಿಳಿವಳಿಕೆಗೆ ಸಂಬಂಧಿಸಿದವು. ಅವುಗಳ ವಿಷಯದಲ್ಲಿ ವಿಂಡೋಸ್ ಮೂವತ್ತು ವರ್ಷಗಳಿಂದ ತಪ್ಪು ಆಯ್ಕೆಯನ್ನು ನಮ್ಮ ಪರವಾಗಿ ತಾನೇ ಮಾಡುತ್ತಾ ಬಂದಿದೆ ಎಂಬುದು ಈ ಲೇಖನದ ವಾದ.

ಡಾಸ್ ಕಾಲದಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಅದರ ಬಾಲಕ್ಕೆ ಮೂರು ಅಕ್ಷರ ಎಂಬ ನಿಯಮವಿತ್ತು. ಈ ಬಾಲಕ್ಕೇ ಎಕ್ಸ್‌ಟೆನ್ಷನ್ ಎಂದು ಹೆಸರು. ಟಿಎಕ್ಸ್‌ಟಿ ಎಂದಿದ್ದರೆ ಬರಿಯ ಪಠ್ಯ, ಇಎಕ್ಸ್‌ಇ ಎಂದಿದ್ದರೆ ಓಡುವ ತಂತ್ರಾಂಶ. 'ಡಿಐಆರ್' ಎಂಬ ಆದೇಶ ಕೊಟ್ಟರೆ ಹೆಸರು, ಬಾಲ ಎರಡೂ ತೆರೆಯ ಮೇಲೆ ಬರುತ್ತಿದ್ದವು. ನೋಡಲು ಚೆಂದವಿರಲಿಲ್ಲ, ಆದರೆ ಮುಚ್ಚುಮರೆಯೂ ಇರಲಿಲ್ಲ. 1984ರ ಮೆಕಿಂತೋಷ್ ಬೇರೆಯೇ ದಾರಿ ಹಿಡಿಯಿತು. ಕಡತದ ಬಗೆ ಯಾವುದು, ಅದನ್ನು ಬರೆದ ತಂತ್ರಾಂಶ ಯಾವುದು ಎಂಬ ಎರಡು ಸಂಕೇತಗಳನ್ನು, ಒಂದೊಂದಕ್ಕೂ ನಾಲ್ಕು ಅಕ್ಷರದಂತೆ, ಹೆಸರಿನಿಂದ ಪ್ರತ್ಯೇಕವಾಗಿ ಇಟ್ಟಿತು. ಅಲ್ಲಿ ಹೆಸರು ಬಳಸುವವರದು, ಬಗೆ ಗಣಕದ್ದು. ಬಹಳ ಅಚ್ಚುಕಟ್ಟಾದ ಯೋಚನೆ.

1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂತು. ಕಡತಕ್ಕೆ 255 ಅಕ್ಷರಗಳವರೆಗಿನ ಉದ್ದನೆಯ ಹೆಸರು ಕೊಡಬಹುದಾಯಿತು. ಮೆಕಿಂತೋಷಿನ ಹಾಗೆ ಕಾಣಬೇಕೆಂಬ ಆಸೆಯೂ ಅದಕ್ಕಿತ್ತು. ಆದರೆ ಕಡತದ ಬಗೆಯನ್ನು ಬೇರೆಡೆ ಇಡುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಬಗೆ ಮೊದಲಿನಂತೆ ಬಾಲದಲ್ಲೇ ಉಳಿಯಿತು. ವಿಂಡೋಸ್ ಮಾಡಿದ್ದಿಷ್ಟೆ: ತನಗೆ ಪರಿಚಯವಿರುವ ಬಾಲಗಳನ್ನು ತೆರೆಯ ಮೇಲೆ ತೋರಿಸದೆ ಮುಚ್ಚಿಟ್ಟಿತು. ಸೌಲಭ್ಯ ಮೆಕಿಂತೋಷಿನದಾಗಲಿಲ್ಲ, ನೋಟ ಮಾತ್ರ ಅದರಂತೆ ಆಯಿತು. ವಿಂಡೋಸ್ 11ರಲ್ಲಿಯೂ ಹೊಸ ಗಣಕ ತಂದು ಚಾಲೂ ಮಾಡಿದರೆ ಬಾಲ ಮುಚ್ಚಿಯೇ ಇರುತ್ತದೆ.

ಇದರಿಂದ ಏನು ತೊಂದರೆ ಎಂದು ಕೇಳುವಿರಾ? ಎಕ್ಸ್‌ಪ್ಲೋರರ್ ಐಕಾನನ್ನು ಎಲ್ಲಿಂದ ತರುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಸಾಮಾನ್ಯ ಕಡತಗಳಿಗೆ ಅದು ಬಾಲವನ್ನು ನೋಡಿ ಐಕಾನ್ ಹಚ್ಚುತ್ತದೆ. ಡಾಕ್ ಎಂದಿದ್ದರೆ ವರ್ಡ್‌ನ ಚಿತ್ರ, ಪಿಡಿಎಫ್ ಎಂದಿದ್ದರೆ ಅದನ್ನು ತೆರೆಯುವ ತಂತ್ರಾಂಶದ ಚಿತ್ರ. ಆದರೆ ಇಎಕ್ಸ್‌ಇ ಕಡತಗಳ ನಿಯಮ ಬೇರೆ. ಅವು ತಮ್ಮ ಐಕಾನನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತವೆ. ತಂತ್ರಾಂಶ ಬರೆದವನು ಯಾವ ಚಿತ್ರ ಇಟ್ಟಿರುತ್ತಾನೋ ಅದನ್ನೇ ಎಕ್ಸ್‌ಪ್ಲೋರರ್ ಮರುಮಾತಿಲ್ಲದೆ ತೋರಿಸುತ್ತದೆ. ವರ್ಡ್ ಚಿತ್ರ ಇಟ್ಟರೆ ವರ್ಡ್ ಕಡತದಂತೆ ಕಾಣುತ್ತದೆ, ಫೋಲ್ಡರಿನ ಚಿತ್ರ ಇಟ್ಟರೆ ಫೋಲ್ಡರಿನಂತೆ. ಅಂದರೆ ಕಡತದ ಗುರುತಿಗೆ ಎರಡೇ ಸಾಕ್ಷಿಗಳು, ಬಾಲ ಮತ್ತು ಐಕಾನ್. ಓಡುವ ತಂತ್ರಾಂಶದ ವಿಷಯದಲ್ಲಿ ಐಕಾನ್ ಸುಳ್ಳು ಹೇಳಬಲ್ಲದು, ಬಾಲ ಸುಲಭಕ್ಕೆ ಹೇಳಲಾರದು. ವಿಂಡೋಸ್ ಆರಿಸಿ ಮುಚ್ಚಿಟ್ಟಿದ್ದು ನಿಜ ಹೇಳುವ ಸಾಕ್ಷಿಯನ್ನು!

2000ದ ಮೇ 4ರಂದು ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯು' ವೈರಸ್ ಈ ಲೋಪವನ್ನು ಜಗತ್ತಿಗೆಲ್ಲ ತೋರಿಸಿಕೊಟ್ಟಿತು. ಇ-ಮೇಲ್ ಜೊತೆ ಬರುತ್ತಿದ್ದ ಕಡತದ ಹೆಸರು 'ಲವ್-ಲೆಟರ್-ಫಾರ್-ಯು.ಟಿಎಕ್ಸ್‌ಟಿ.ವಿಬಿಎಸ್'. ಕೊನೆಯ ವಿಬಿಎಸ್ ಎಂಬುದೇ ನಿಜವಾದ ಬಾಲ. ಅದು ವಿಷುಯಲ್ ಬೇಸಿಕ್ ಆದೇಶಗಳ ಕಡತ, ಕ್ಲಿಕ್ಕಿಸಿದರೆ ಓಡುತ್ತದೆ. ವಿಂಡೋಸ್‌ಗೆ ವಿಬಿಎಸ್ ಪರಿಚಿತವಾದ್ದರಿಂದ ಅದನ್ನು ಮುಚ್ಚಿಡುತ್ತಿತ್ತು. ನೋಡುವವರಿಗೆ ಕಾಣುತ್ತಿದ್ದದ್ದು ಟಿಎಕ್ಸ್‌ಟಿ, ಬರಿಯ ಪಠ್ಯ. ತೆರೆದರೆ ಏನಾದೀತು ಎಂದು ತೆರೆದವರು ಲಕ್ಷಾಂತರ ಮಂದಿ.

ಈ ವೈರಸ್ಸಿನ ಮುಂದಿನ ಕೆಲಸ ಇನ್ನೂ ಗಮನಾರ್ಹ. ಡಿಸ್ಕಿನಲ್ಲಿದ್ದ ಜೆಪಿಜಿ ಚಿತ್ರಗಳ ಮೇಲೆ ಅದು ತನ್ನದೇ ಪ್ರತಿಯನ್ನು ಬರೆದು ಹೆಸರಿನ ಕೊನೆಗೆ ವಿಬಿಎಸ್ ಸೇರಿಸುತ್ತಿತ್ತು. ಬಾಲ ಮುಚ್ಚಿದ ಗಣಕದಲ್ಲಿ ಚಿತ್ರದ ಹೆಸರು ಮೊದಲಿನಂತೆಯೇ ಕಾಣುತ್ತಿತ್ತು, ಚಿತ್ರ ಮಾತ್ರ ಇರುತ್ತಿರಲಿಲ್ಲ. ಎಂಪಿ3 ಹಾಡುಗಳನ್ನು ಅಳಿಸದೆ, ಅವುಗಳಿಗೆ 'ತೋರಿಸಬೇಡ' ಎಂಬ ಗುರುತು ಹಾಕಿ, ಅದೇ ಹೆಸರಿನಲ್ಲಿ ತನ್ನ ಪ್ರತಿಯನ್ನು ಪಕ್ಕದಲ್ಲಿಡುತ್ತಿತ್ತು. ಫೋಲ್ಡರ್ ತೋರಿಸುವ ವಿಧಾನದಲ್ಲಿನ ಎರಡು ಆಯ್ಕೆಗಳು, ಬಾಲ ಮುಚ್ಚುವುದು ಮತ್ತು ಅಡಗಿಸಿದ ಕಡತಗಳನ್ನು ತೋರಿಸದಿರುವುದು, ಎರಡನ್ನೂ ವೈರಸ್ ತನ್ನ ಪರದೆಯಾಗಿ ಬಳಸಿಕೊಂಡಿತು. ವೈರಸ್ ಬರೆದವನಿಗೆ ಎಕ್ಸ್‌ಪ್ಲೋರರ್ ಹೇಗೆ ತೋರಿಸುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಶಾಲಾ ಕಾಲೇಜುಗಳಿಗೂ ಸೈಬರ್ ಕೆಫೆಗಳಿಗೂ ಈ ಪಾಠ ತಲುಪಿದ್ದು ಪೆನ್ ಡ್ರೈವ್ ಮೂಲಕ. 2005ರಲ್ಲಿ ಇಂಡೋನೇಷ್ಯಾ ಕಡೆಯಿಂದ ಬಂದ ಬ್ರಾಂಟಾಕ್, ಅದರ ಹಿಂದೆಯೇ ಬಂದ 'ನ್ಯೂ ಫೋಲ್ಡರ್.ಇಎಕ್ಸ್‌ಇ' ಎಂದು ಹೆಸರಾದ ಹುಳುಗಳು ನೆನಪಿರಬಹುದು. ಫೋಲ್ಡರಿನ ಐಕಾನನ್ನು ತೊಟ್ಟ ಇಎಕ್ಸ್‌ಇ ಕಡತಗಳು ಇವು. 'ಪ್ರಶ್ನೆಪತ್ರಿಕೆ' ಎಂಬ ಫೋಲ್ಡರ್ ಇದ್ದರೆ ಅದೇ ಹೆಸರಿನ ಇನ್ನೊಂದು 'ಫೋಲ್ಡರ್' ಕಾಣಿಸಿಕೊಳ್ಳುತ್ತಿತ್ತು. ಕೆಲವು ಹುಳುಗಳು ನಿಜವಾದ ಫೋಲ್ಡರನ್ನು ಅಡಗಿಸಿ ನಕಲಿಯನ್ನು ಮಾತ್ರ ಉಳಿಸುತ್ತಿದ್ದವು. ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಮುಗಿಯಿತು, ಆ ಗಣಕಕ್ಕೆ ಹಾಕಿದ ಮುಂದಿನ ಪೆನ್ ಡ್ರೈವಿಗೂ ಅಂಟು. ಕಡತಗಳೆಲ್ಲ ಅಳಿಸಿಹೋದವೆಂದು ತಿಳಿದು ಡ್ರೈವನ್ನು ಫಾರ್ಮ್ಯಾಟ್ ಮಾಡಿದ ಮೇಷ್ಟರುಗಳು ಎಷ್ಟೋ. ಕಡತಗಳು ಅಲ್ಲೇ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ. 'ಅಟ್ರಿಬ್' ಎಂಬ ಡಾಸ್ ಕಾಲದ ಆದೇಶದಿಂದ ಆ ಗುರುತನ್ನು ತೆಗೆದರೆ ಎಲ್ಲವೂ ಮರಳಿ ಕಾಣಿಸುತ್ತಿತ್ತು.

ಈ ಹುಳುಗಳು ಗಣಕಕ್ಕೆ ಬಂದೊಡನೆ ಮಾಡುತ್ತಿದ್ದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಟೂಲ್ಸ್ ಮೆನುವಿನಿಂದ 'ಫೋಲ್ಡರ್ ಆಪ್ಷನ್ಸ್' ಎಂಬ ಸಾಲನ್ನೇ ತೆಗೆದುಹಾಕುತ್ತಿದ್ದವು. ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು, ಆ ಸಾಲು ಮಾಯ. ಬಳಸುವವರು ಬಾಲವನ್ನು ನೋಡಿಬಿಟ್ಟರೆ ತಮ್ಮ ಆಟ ನಡೆಯದೆಂದು ಅವುಗಳಿಗೆ ಗೊತ್ತಿತ್ತು. ಯಾವ ಆಯ್ಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕೆ?

ವಿಂಡೋಸ್ ಪರವಾಗಿ ಹೇಳುವ ಮಾತೂ ಇದೆ. ಹೊಸದಾಗಿ ಗಣಕ ಕಲಿಯುವವರು ಕಡತದ ಹೆಸರು ಬದಲಿಸುವಾಗ ಬಾಲವನ್ನೂ ಅಳಿಸಿಬಿಡುತ್ತಾರೆ. ಆಮೇಲೆ ಆ ಕಡತವನ್ನು ಯಾವುದರಿಂದ ತೆರೆಯಬೇಕೆಂದು ವಿಂಡೋಸ್‌ಗೆ ತಿಳಿಯುವುದಿಲ್ಲ. ಈ ತೊಂದರೆ ಕಾಲ್ಪನಿಕವಲ್ಲ, ಗಣಕ ಪ್ರಯೋಗಾಲಯ ನೋಡಿಕೊಳ್ಳುವ ಯಾರನ್ನು ಬೇಕಾದರೂ ಕೇಳಿ. ಆದರೆ 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಹೆಸರು ಬದಲಿಸಲು ಹೊರಟರೆ ಹೆಸರಿನ ಭಾಗ ಮಾತ್ರ ಆಯ್ಕೆಯಾಗುತ್ತದೆ, ಬಾಲ ಹಾಗೆಯೇ ಉಳಿಯುತ್ತದೆ. ಬೇಕೆಂದೇ ಬಾಲ ಬದಲಿಸಿದರೆ ಎಚ್ಚರಿಕೆಯ ಸಂದೇಶವೂ ಬರುತ್ತದೆ. ಮುಚ್ಚಿಡಲು ಇದ್ದ ಒಂದೇ ಒಳ್ಳೆಯ ಕಾರಣ ಆ ವರ್ಷ ತೀರಿತು. ಕಾರಣ ಹೋದರೂ ರೂಢಿ ಹೋಗಲಿಲ್ಲ.

ಎಕ್ಸ್‌ಪ್ಲೋರರಿನ ಉಳಿದ ಆಯ್ಕೆಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು 'ಡೀಟೇಲ್ಸ್' ನೋಟ. ಇದರಲ್ಲಿ ಚೆಂದವೇನೂ ಇಲ್ಲ. ಹೆಸರು, ದಿನಾಂಕ, ಬಗೆ, ಗಾತ್ರ ಎಂಬ ನಾಲ್ಕು ಕಂಬಸಾಲು. ಆದರೆ ಫೋಲ್ಡರ್ ವೇಷದ ಹುಳು ಈ ನೋಟದಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ನಿಜವಾದ ಫೋಲ್ಡರಿಗೆ ಗಾತ್ರದ ಕಂಬಸಾಲು ಖಾಲಿ, ನಕಲಿಗೆ ಅಲ್ಲಿ ಕಿಲೋಬೈಟುಗಳ ಸಂಖ್ಯೆ. ಬಗೆಯ ಕಂಬಸಾಲಿನಲ್ಲಿ ಒಂದಕ್ಕೆ 'ಫೈಲ್ ಫೋಲ್ಡರ್', ಇನ್ನೊಂದಕ್ಕೆ 'ಅಪ್ಲಿಕೇಶನ್'. ಹೆಸರಿನ ಪ್ರಕಾರ ಜೋಡಿಸಿದಾಗ ವಿಂಡೋಸ್ ಫೋಲ್ಡರುಗಳನ್ನೆಲ್ಲ ಮೊದಲು ಇಟ್ಟು ಆಮೇಲೆ ಕಡತಗಳನ್ನು ಇಡುವುದರಿಂದ, ಕಡತಗಳ ನಡುವೆ ಕುಳಿತ 'ಫೋಲ್ಡರ್' ಯಾವುದೆಂಬುದೂ ಕಣ್ಣಿಗೆ ಬೀಳುತ್ತದೆ. ದೊಡ್ಡ ಐಕಾನುಗಳ ನೋಟ ಈ ನಾಲ್ಕರಲ್ಲಿ ಮೂರು ಸಂಗತಿಗಳನ್ನು ಬಿಟ್ಟುಬಿಡುತ್ತದೆ. ಛಾಯಾಚಿತ್ರಗಳ ಫೋಲ್ಡರಿಗೆ ಅದು ಸರಿ, ಮಿಕ್ಕವಕ್ಕೆ ಅಲ್ಲ.

ಕಡತಗಳನ್ನು ಜೋಡಿಸುವ ಕ್ರಮದಲ್ಲಿ ವಿಂಡೋಸ್ ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ವಿಂಡೋಸ್ 2000ದ ತನಕ 'ಪಾಠ 10' ಎಂಬುದು 'ಪಾಠ 2'ಕ್ಕಿಂತ ಮೊದಲು ಬರುತ್ತಿತ್ತು. ಒಂದೊಂದೇ ಅಕ್ಷರ ಹೋಲಿಸುವ ಯಂತ್ರಕ್ಕೆ 1 ಎಂಬುದು 2ಕ್ಕಿಂತ ಮುಂಚಿನದು. 2001ರ ಎಕ್ಸ್‌ಪಿಯಿಂದ ಅಂಕಿಗಳನ್ನು ಒಟ್ಟಾಗಿ ಸಂಖ್ಯೆಯೆಂದೇ ಓದುವುದನ್ನು ಎಕ್ಸ್‌ಪ್ಲೋರರ್ ಕಲಿಯಿತು. ಅದಕ್ಕೆ ಮೊದಲು ನಾವೆಲ್ಲ 'ಪಾಠ 02' ಎಂದು ಸೊನ್ನೆ ಸೇರಿಸಿ ಯಂತ್ರಕ್ಕೆ ಹೊಂದಿಕೊಳ್ಳುತ್ತಿದ್ದೆವು. ದಿನಾಂಕಗಳ ಮಟ್ಟಿಗೆ ಈಗಲೂ ನಾವೇ ಹೊಂದಿಕೊಳ್ಳಬೇಕು. 15-06-2009 ಎಂದು ಬರೆದರೆ ಕ್ರಮ ಕೆಡುತ್ತದೆ, 2009-06-15 ಎಂದು ವರ್ಷದಿಂದ ಬರೆದರೆ ತಾನಾಗಿ ಸಾಲುಗೂಡುತ್ತದೆ.

ನೆನಪಿಟ್ಟುಕೊಳ್ಳುವ ವಿಷಯದಲ್ಲಿ ಮಾತ್ರ ಎಕ್ಸ್‌ಪ್ಲೋರರಿನದು ವಿಚಿತ್ರ ಸ್ವಭಾವ. ನೀವು ಒಂದೊಂದು ಫೋಲ್ಡರಿಗೆ ಒಂದೊಂದು ನೋಟ ಹೊಂದಿಸಿದರೆ ಅದನ್ನು ಫೋಲ್ಡರಿನೊಡನೆ ಇಡುವುದಿಲ್ಲ, ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ಎಕ್ಸ್‌ಪಿಯಲ್ಲಿ ಮೊದಲಿಗೆ ಇದರ ಮಿತಿ 400 ಫೋಲ್ಡರುಗಳು. ಅದು ಮೀರಿದರೆ ಹಳೆಯವು ಮರೆತುಹೋಗುತ್ತಿದ್ದವು. ಬಹಳ ಮಂದಿ ಇದನ್ನು ವೈರಸ್ಸಿನ ಕಾಟವೆಂದೇ ತಿಳಿದಿದ್ದರು. ವಿಸ್ಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗಿನ ಕಡತಗಳನ್ನು ನೋಡಿ ಇದು ಹಾಡಿನ ಫೋಲ್ಡರ್, ಇದು ಚಿತ್ರದ ಫೋಲ್ಡರ್ ಎಂದು ತಾನೇ ಊಹಿಸತೊಡಗಿತು. ಪ್ರಯೋಗದ ದಾಖಲೆಗಳ ನಡುವೆ ಧ್ವನಿಯ ಕಡತಗಳಿದ್ದರೆ ಹಾಡುಗಾರನ ಹೆಸರಿನ ಕಂಬಸಾಲು ತೋರಿಸುವ ಜಾಣತನ ಅದು! ಇಂಥ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಕಸ್ಟಮೈಸ್' ಎಂಬಲ್ಲಿ ಹೋಗಿ 'ಜನರಲ್ ಐಟಂಸ್' ಎಂದು ಆರಿಸಿದರೆ ಊಹೆ ನಿಲ್ಲುತ್ತದೆ. ರಿಜಿಸ್ಟ್ರಿಯ ಈ ನೆನಪಿಗೆ ಇನ್ನೊಂದು ಮುಖವಿದೆ. ಫೋಲ್ಡರನ್ನು ಅಳಿಸಿದ ಮೇಲೂ ಅದರ ಹೆಸರು ಅಲ್ಲಿ ಉಳಿದಿರುವುದರಿಂದ, ಗಣಕದಲ್ಲಿ ಯಾರು ಯಾವ ಫೋಲ್ಡರ್ ತೆರೆದಿದ್ದರೆಂದು ಪತ್ತೆಹಚ್ಚಲು ಅಪರಾಧ ತನಿಖೆಯವರು ಇದನ್ನೇ ಹುಡುಕುತ್ತಾರೆ.

ಫೋಲ್ಡರಿಗೆ ನೀವು ಬೇರೆ ಐಕಾನ್ ಹಾಕಿದಾಗ 'ಡೆಸ್ಕ್‌ಟಾಪ್.ಐಎನ್‌ಐ' ಎಂಬ ಅಡಗಿದ ಕಡತ ಆ ಫೋಲ್ಡರಿನಲ್ಲೇ ಹುಟ್ಟುತ್ತದೆ. ಅದನ್ನು ಎಕ್ಸ್‌ಪ್ಲೋರರ್ ಓದಬೇಕಾದರೆ ಫೋಲ್ಡರಿಗೆ 'ರೀಡ್ ಓನ್ಲಿ' ಅಥವಾ 'ಸಿಸ್ಟಂ' ಗುರುತು ಇರಬೇಕು. ಅಂದರೆ 'ಓದಲು ಮಾತ್ರ' ಎಂಬ ಗುರುತಿಗೆ ಫೋಲ್ಡರಿನ ಮೇಲೆ ಅದರ ಅರ್ಥವೇ ಇಲ್ಲ! ಅದು ಬರೆಯುವುದನ್ನು ತಡೆಯುವುದಿಲ್ಲ, 'ಇಲ್ಲಿ ಅಲಂಕಾರವಿದೆ, ನೋಡು' ಎಂದು ಎಕ್ಸ್‌ಪ್ಲೋರರಿಗೆ ಹೇಳುತ್ತದೆ. ಇದನ್ನು ತಿಳಿಯದೆ ಆ ಗುರುತನ್ನು ತೆಗೆಯಲು ಗಂಟೆಗಟ್ಟಲೆ ಹೆಣಗಿದವರಿದ್ದಾರೆ. ಎಕ್ಸ್‌ಪಿಯ 'ಥಂಬ್ಸ್.ಡಿಬಿ' ಕೂಡ ಇಂಥದೇ ಅಡಗಿದ ಕಡತ. ಚಿತ್ರಗಳ ಕಿರುನೋಟಗಳನ್ನು ಅದರಲ್ಲಿ ಕೂಡಿಡಲಾಗುತ್ತಿತ್ತು, ಮೂಲ ಚಿತ್ರ ಅಳಿಸಿದರೂ ಕಿರುನೋಟ ಉಳಿಯುತ್ತಿತ್ತು. ಫೋಲ್ಡರನ್ನು ಸೀಡಿಗೆ ಬರೆದು ಕೊಟ್ಟರೆ ನೀವು ಕೊಡಬಾರದೆಂದು ತೆಗೆದ ಚಿತ್ರದ ನೆರಳೂ ಜೊತೆಗೆ ಹೋಗುತ್ತಿತ್ತು. ವಿಸ್ಟಾದಿಂದ ಈ ಕಿರುನೋಟಗಳನ್ನು ಬಳಕೆದಾರರ ಖಾತೆಯಲ್ಲಿ ಒಂದೇ ಕಡೆ ಇಡುವ ಏರ್ಪಾಡಾಯಿತು.

ಅಲಂಕಾರವೇ ಅಪಾಯದ ದಾರಿಯಾದದ್ದೂ ಉಂಟು. ವಿಂಡೋಸ್ 98ರಲ್ಲಿ ಫೋಲ್ಡರನ್ನು ವೆಬ್ ಪುಟದಂತೆ ತೋರಿಸುವ ಸೌಲಭ್ಯವಿತ್ತು. ಅದಕ್ಕಾಗಿ 'ಫೋಲ್ಡರ್.ಎಚ್‌ಟಿಟಿ' ಎಂಬ ಕಡತವನ್ನು ಬಳಸುತ್ತಿದ್ದರು. 2002ರಲ್ಲಿ ಹರಡಿದ ರೆಡ್‌ಲಾಫ್ ವೈರಸ್ ಆ ಕಡತದೊಳಗೇ ಸೇರಿಕೊಂಡಿತು. ಫೋಲ್ಡರನ್ನು ತೆರೆದರೆ ಸಾಕಾಗಿತ್ತು. 2010ರ ಸ್ಟಕ್ಸ್‌ನೆಟ್ ಇದನ್ನೂ ಮೀರಿಸಿತು. ಶಾರ್ಟ್‌ಕಟ್ ಕಡತವೊಂದರ ಐಕಾನ್ ತೋರಿಸಲು ಎಕ್ಸ್‌ಪ್ಲೋರರ್ ಬೇರೊಂದು ಕಡತವನ್ನು ನೆನಪಿಗೆ ತಂದುಕೊಳ್ಳಬೇಕಾಗಿತ್ತು, ಆ ಕಡತದಲ್ಲಿನ ಆದೇಶಗಳು ಆಗಲೇ ಓಡಿಬಿಡುತ್ತಿದ್ದವು. ಯಾರೂ ಏನನ್ನೂ ಕ್ಲಿಕ್ಕಿಸಬೇಕಾಗಿರಲಿಲ್ಲ, ಪೆನ್ ಡ್ರೈವಿನ ಐಕಾನುಗಳು ತೆರೆಯ ಮೇಲೆ ಮೂಡಿದರೆ ಮುಗಿಯಿತು. ಇರಾನಿನ ಮೇಲೆ ಗುರಿಯಿಟ್ಟ ಈ ಹುಳು ಇಂಡೋನೇಷ್ಯಾ, ಭಾರತಗಳಲ್ಲೂ ಬಹಳ ಗಣಕಗಳಿಗೆ ಹಬ್ಬಿತು. ಆಗಸ್ಟ್ 2ರಂದು ತಿದ್ದುಪಡಿ ಹೊರಡಿಸುವ ತನಕ ಮೈಕ್ರೋಸಾಫ್ಟ್ ಕೊಟ್ಟ ತಾತ್ಕಾಲಿಕ ಸಲಹೆಗಳಲ್ಲಿ ಒಂದು, ಶಾರ್ಟ್‌ಕಟ್‌ಗಳ ಐಕಾನನ್ನೇ ತೋರಿಸದಂತೆ ಮಾಡುವುದು. ಆಗ ಎಲ್ಲವೂ ಒಂದೇ ಬಗೆಯ ಬಿಳಿ ಚಿತ್ರಗಳಾಗಿ ಕಾಣುತ್ತಿದ್ದವು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇನ್ನೊಂದು ತೊಡಕಿತ್ತು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದರು. ವರ್ಡ್‌ನಲ್ಲಿ ಆ ಫಾಂಟನ್ನು ಆರಿಸಿದರೆ ಕನ್ನಡ ಕಾಣುತ್ತದೆ. ಆದರೆ ಎಕ್ಸ್‌ಪ್ಲೋರರ್ ಎಲ್ಲ ಹೆಸರುಗಳಿಗೂ ಒಂದೇ ಫಾಂಟನ್ನು ಬಳಸುವುದರಿಂದ ಅಲ್ಲಿ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಐಕಾನಿನ ಫಾಂಟನ್ನೇ ನುಡಿಗೆ ಬದಲಿಸಿದರೆ ಇಂಗ್ಲಿಷ್ ಹೆಸರುಗಳು ಕಲಸುಮೇಲೋಗರ. ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡವೂ ತುಂಗಾ ಫಾಂಟೂ ಬಂದ ಮೇಲೆ ಈ ತೊಡಕಿಗೆ ಪರಿಹಾರ ಸಿಕ್ಕಿತು, ಹೆಸರುಗಳು ಅಕಾರಾದಿಯಾಗಿಯೂ ಜೋಡಣೆಯಾದವು. ನಿಮ್ಮ ಹಳೆಯ ಸೀಡಿಗಳಲ್ಲಿ ಅಂಥ ಹೆಸರಿನ ಕಡತಗಳಿದ್ದರೆ, ಓದಬಲ್ಲವರು ಇರುವಾಗಲೇ ಹೆಸರು ಬದಲಿಸಿಡಿ.

ಬಾಲವನ್ನು ತೋರಿಸುವ ಆಯ್ಕೆ ಎಲ್ಲಿದೆ? ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು 'ವ್ಯೂ', ಅದರಲ್ಲಿ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'. ಹಳೆಯ ಎಕ್ಸ್‌ಪಿ, ವಿಂಡೋಸ್ 7 ಇನ್ನೂ ಓಡುತ್ತಿರುವ ಪ್ರಯೋಗಾಲಯಗಳಲ್ಲಿ ಫೋಲ್ಡರ್ ಆಪ್ಷನ್ಸ್‌ನ 'ವ್ಯೂ' ಪುಟದಲ್ಲಿ 'ಹೈಡ್ ಎಕ್ಸ್‌ಟೆನ್ಷನ್ಸ್ ಫಾರ್ ನೋನ್ ಫೈಲ್ ಟೈಪ್ಸ್' ಎಂಬುದರ ಟಿಕ್ ತೆಗೆಯಿರಿ. ಮ್ಯಾಕ್‌ನ ಫೈಂಡರಿನಲ್ಲೂ ಎಲ್ಲ ಬಾಲಗಳನ್ನು ತೋರಿಸುವ ಆಯ್ಕೆಯಿದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಹೆಸರೇ ಕಾಣುತ್ತದೆ.

ಬಾಲ ಕಂಡ ಮಾತ್ರಕ್ಕೆ ನಿಶ್ಚಿಂತೆಯೆಂದಲ್ಲ. ಅರಬ್ಬಿ, ಹೀಬ್ರೂಗಳಂಥ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ಯುನಿಕೋಡಿನಲ್ಲಿ ಬರಹದ ದಿಕ್ಕು ತಿರುಗಿಸುವ, ಕಣ್ಣಿಗೆ ಕಾಣದ ಗುರುತೊಂದಿದೆ. ಹೆಸರಿನ ನಡುವೆ ಅದನ್ನು ಸೇರಿಸಿದರೆ ಇಎಕ್ಸ್‌ಇ ಎಂಬ ಬಾಲ ಹೆಸರಿನ ಮಧ್ಯಕ್ಕೆ ಸರಿದು, ಕೊನೆಯಲ್ಲಿ ಜೆಪಿಜಿ ಇದ್ದಂತೆ ಕಾಣುತ್ತದೆ. ಆಗಲೂ ಡೀಟೇಲ್ಸ್ ನೋಟದ ಬಗೆಯ ಕಂಬಸಾಲು 'ಅಪ್ಲಿಕೇಶನ್' ಎಂದೇ ಹೇಳುತ್ತದೆ.

ತರಗತಿಯಲ್ಲಿ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಬಾಲ ಎಂಬುದು ಹೊರಗಿನ ಚೀಟಿ ಮಾತ್ರ, ಕಡತದ ಒಳಗೂ ಗುರುತಿರುತ್ತದೆ. ನೋಟ್‌ಪ್ಯಾಡಿನಲ್ಲಿ ಒಂದು ಇಎಕ್ಸ್‌ಇ ಕಡತವನ್ನು ತೆರೆಯಿರಿ, ಏನನ್ನೂ ಉಳಿಸದೆ ಮುಚ್ಚಿ. ಮೊದಲ ಎರಡು ಅಕ್ಷರ ಎಂ ಮತ್ತು ಝಡ್ ಆಗಿರುತ್ತವೆ. ಪಿಡಿಎಫ್ ಕಡತ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಜಿಪ್ ಕಡತದ ಮೊದಲಕ್ಷರಗಳು ಪಿ ಮತ್ತು ಕೆ. ಈಗ ವರ್ಡ್‌ನ ಡಾಕ್ಸ್ ಕಡತವೊಂದನ್ನು ತೆರೆದರೆ ಅಲ್ಲಿಯೂ ಪಿ, ಕೆ! ಡಾಕ್ಸ್ ಎಂಬುದು ನಿಜವಾಗಿ ಹಲವು ಕಡತಗಳನ್ನು ಕಟ್ಟಿಟ್ಟ ಜಿಪ್ ಪೊಟ್ಟಣ. ಅದರ ಒಂದು ಪ್ರತಿ ಮಾಡಿಕೊಂಡು, ಬಾಲವನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ನೀವು ಪಾಠದಲ್ಲಿ ಸೇರಿಸಿದ ಚಿತ್ರಗಳೆಲ್ಲ 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಬಾಲ ಮುಚ್ಚಿದ ಗಣಕದಲ್ಲಿ ಮಾತ್ರ ಈ ಪ್ರಯೋಗ ಕೈಗೂಡದು. ಜಿಪ್ ಎಂದು ಬರೆದರೂ ಅದರ ಹಿಂದೆ ಡಾಕ್ಸ್ ಕಾಣದೆ ಉಳಿದು, ಕಡತ 'ಪಾಠ.ಜಿಪ್.ಡಾಕ್ಸ್' ಆಗಿ ಮತ್ತೆ ವರ್ಡ್‌ನಲ್ಲೇ ತೆರೆದುಕೊಳ್ಳುತ್ತದೆ.